ಒಂದು ಪ್ಯಾನು, ಎರಡು ಪಾಲು

ತಪ್ಪಬಹುದಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳದೆ ನಾನು ಯಾರ ರಿಟರ್ನನ್ನೂ ಕೈಗೆತ್ತಿಕೊಳ್ಳುವುದಿಲ್ಲ. ಆ ಜುಲೈಯ ಹಾಳೆ ಎರಡೂ ಮಗ್ಗುಲು ತುಂಬಿತ್ತು. ಪೋರ್ಟಲ್ ಕೈಕೊಡಬಹುದು. ಓಟಿಪಿ ಅವಧಿ ಮುಗಿದ ಮೇಲೆ ಬರಬಹುದು. ಪ್ಯಾನಿಗೆ ಆಧಾರ್ ಜೋಡಿಸಿರದೆ ಇರಬಹುದು. ತಪ್ಪು ಫಾರಂ ಆರಿಸಿ, ನಿಮ್ಮ ರಿಟರ್ನು ದೋಷಪೂರಿತ ಎಂಬ ನೋಟಿಸು ತರಿಸಿಕೊಳ್ಳಬಹುದು. ರಿಫಂಡು ಎಂದೋ ಮುಚ್ಚಿದ ಖಾತೆಯ ಬಾಗಿಲು ತಟ್ಟಿ ವಾಪಸು ಹೋಗಬಹುದು. ಕೊನೆಯ ದಿನ ಕರೆಂಟು ಹೋಗಬಹುದು, ಅದು ಬರುವಷ್ಟರಲ್ಲಿ ನಾನು ಪಾಸ್‌ವರ್ಡು ಮರೆಯಬಹುದು. ಆ ಸಲದ ಗಿರಾಕಿಗಳು ಒಬ್ಬ ಅಣ್ಣ, ಒಬ್ಬ ತಂಗಿ: ಅಣ್ಣನ ಲೆಕ್ಕವನ್ನು ತಂಗಿಯ ಫಾರಮಿಗೆ, ತಂಗಿಯದನ್ನು ಅಣ್ಣನದಕ್ಕೆ ತುಂಬಬಹುದು. ಬಾದಾಮಿಯಲ್ಲಿ ತಂಗಿ ನನ್ನ ಮೇಲೆ ಬಿಸಿ ಸಾರು ಸುರಿಯಬಹುದು. ಇಳಕಲ್ಲಿನಲ್ಲಿ ಅಣ್ಣ ನನ್ನ ಚೀಲವನ್ನು ಗಟಾರಕ್ಕೆ ಎಸೆಯಬಹುದು. ಈ ಓಡಾಟದಲ್ಲಿ ನನಗೆ ಎದೆನೋವು ಬಂದು, ಇದು ಬರೀ ಗ್ಯಾಸು ಎಂದು ಡಾಕ್ಟರು ಎಲ್ಲರೆದುರು ನಗಬಹುದು. ಕೊನೆಯದು ಹಿಂದಿನ ವರ್ಷ ಆಗಿತ್ತು, ಅದಕ್ಕೇ ಬರೆದುಕೊಂಡಿದ್ದೆ.

ಆ ಹಾಳೆಯಲ್ಲಿ ಬರೆದದ್ದು ಒಂದೂ ನಡೆಯಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಹಾಗೆಂದು ಎಲ್ಲ ನೆಟ್ಟಗೆ ನಡೆಯಿತು ಎಂದು ತಿಳಿಯಬಾರದು.

ಜುಲೈ ಮೂರನೆಯ ವಾರ. ಬಾಗಲಕೋಟೆಯ ನವನಗರದಲ್ಲಿ ನನ್ನ ಕಚೇರಿ ಎಂದರೆ ಒಂದು ಶಟರು, ಒಂದು ಟೇಬಲ್ಲು, ಬಂದವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಅಂದು ಬೆಳಿಗ್ಗೆ ಇಳಕಲ್ಲಿನಿಂದ ಬಂದವರು ಆ ಕುರ್ಚಿಯ ಮೇಲೆ ಕೂರಲಿಲ್ಲ. ಬಸ್ ಡ್ರೈವರ್ ಆಗಿ ನಿವೃತ್ತರಾದವರು. ನಿಂತೇ ಮಾತಾಡಿದರು, ಅದೂ ಹಿಂದಿನ ಸೀಟಿನವರಿಗೂ ಕೇಳುವ ಹಾಗೆ.

“ನಾ ತಿಂಗಳಾ ತಗೊಳ್ಳೂದು ಪಿಂಚಣಿ. ಈ ಕಾಗದ ನೋಡಿದ್ರ ನನ್ನ ದೊಡ್ಡ ಸಾವ್ಕಾರನ್ನ ಮಾಡೇತಿ. ಏನ್ರಿ ಇದು?”

ಅವರ ಊರಿನ ಕಂಪ್ಯೂಟರ್ ಅಂಗಡಿಯವನು ‘ಸಹಜ್’ ಎಂಬ ಮೊದಲನೆಯ ನಮೂನೆಯಲ್ಲಿ ಕರಡು ತುಂಬಿ ಕೊಟ್ಟಿದ್ದ. ಪಿಂಚಣಿಯ ಕೆಳಗೆ ಬಡ್ಡಿ ಎಂದು ದೊಡ್ಡದೊಂದು ಮೊತ್ತ, ಅದರ ಕೆಳಗೆ ಕಟ್ಟಬೇಕಾದ ತೆರಿಗೆ. ಅವರಪ್ಪನ ಹೊಲ ಹುನಗುಂದ ತಾಲ್ಲೂಕಿನಲ್ಲಿ ಕೃಷ್ಣೆಯ ಹಿನ್ನೀರಿಗೆ ಹೋಗಿತ್ತು. ಕೊಟ್ಟ ಪರಿಹಾರ ಸಾಲದೆಂದು ಹಾಕಿದ ದಾವೆ ಬಹಳ ವರ್ಷ ನಡೆದು, ಹೆಚ್ಚಿನ ಪರಿಹಾರವೂ ಅದರ ಮೇಲಿನ ಬಡ್ಡಿಯೂ ಹಿಂದಿನ ವರ್ಷ ಕೈಗೆ ಬಂದಿದ್ದವು. ಆ ಹೊತ್ತಿಗೆ ಅಪ್ಪ ಇರಲಿಲ್ಲ. ಇದ್ದ ಒಬ್ಬರೇ ತಂಗಿ ತಮಗೂ ಅರ್ಧ ಪಾಲು ಬೇಕೆಂದು ಕೋರ್ಟಿನಲ್ಲಿ ಕೇಳಿ ಪಡೆದಿದ್ದರು. ಕೇಳಿದ ದಿನವೇ ಅಣ್ಣ ಮಾತು ಬಿಟ್ಟಿದ್ದರು.

ಹಣವೇನೋ ಇಬ್ಬರ ಖಾತೆಗೂ ಅರ್ಧರ್ಧ ಸರಿಯಾಗಿಯೇ ಬಿದ್ದಿತ್ತು. ನಾನು ಪೋರ್ಟಲ್ಲಿನಲ್ಲಿ 26ಎಎಸ್ ಎಂಬ ತಖ್ತೆಯನ್ನು ತೆಗೆದೆ. ಯಾರ ಹೆಸರಿನಲ್ಲಿ ಎಷ್ಟು ತೆರಿಗೆ ಮೊದಲೇ ಕಡಿತವಾಗಿದೆ ಎಂದು ತೋರಿಸುವ ಪಟ್ಟಿ ಅದು. ಬಡ್ಡಿಯ ಪೂರ್ತಿ ಮೊತ್ತ, ಕಡಿದ ಪೂರ್ತಿ ತೆರಿಗೆ, ಎರಡೂ ಅಣ್ಣನ ಪ್ಯಾನ್ ನಂಬರಿನಲ್ಲಿ ಕೂತಿದ್ದವು. ಇಲಾಖೆಯ ಕಣ್ಣಿಗೆ ತಂಗಿ ಎಂಬವರು ಇರಲೇ ಇಲ್ಲ.

“ಆಕಿ ಆಟ ಇದು,” ಎಂದರು ಅಣ್ಣ. “ರೊಕ್ಕ ತಾ ತಗೊಂಡ್ಲು, ತೆರಿಗಿ ನನ್ನ ಕೊಳ್ಳಿಗೆ ಕಟ್ಟಿದ್ಲು. ತೆರಿಗಿ ಕಡದ ಕಾಗದ ಬಂದಾಗಿಂದ, ಒಂದು ವರ್ಷ ಆತು, ನಾ ಹೇಳಾಕತ್ತೇನಿ, ಈ ಕಂಪ್ಯೂಟರ್ ಹುಡುಗಗ ಈಗ ಗೊತ್ತಾತು.”

ಫಾರಂ ಬದಲಿಸಬೇಕು ಎಂದೆ. ಇಂಥ ಬಡ್ಡಿಯಲ್ಲಿ ಅರ್ಧವನ್ನು ಕಾಯ್ದೆಯೇ ಬಿಟ್ಟುಕೊಡುತ್ತದೆ. ಆದರೆ ಆ ಬಿಟ್ಟದ್ದನ್ನು ಬರೆಯಲು ಸಹಜ್ ನಮೂನೆಯಲ್ಲಿ ಜಾಗವಿಲ್ಲ, ಎರಡನೆಯ ನಮೂನೆಗೇ ಹೋಗಬೇಕು. ಅದರಲ್ಲಿ ತೆರಿಗೆ ಕಡಿತದ ಪಟ್ಟಿಯೊಳಗೆ ‘ಇದು ಬೇರೊಬ್ಬರಿಗೆ ಸೇರಿದ್ದು’ ಎಂದು ತೋರಿಸುವ ಅಂಕಣವಿದೆ. ಅಲ್ಲಿ ತಂಗಿಯ ಪ್ಯಾನ್ ಬರೆಯಬೇಕು. ತಂಗಿಯ ಫಾರಮಿನಲ್ಲಿ ಅದೇ ಅಂಕಣದಲ್ಲಿ ಅಣ್ಣನದು. ಜೊತೆಗೆ, ಅರ್ಧ ಬಡ್ಡಿ ನನ್ನದಲ್ಲ ಎಂದು ಅಣ್ಣ ಸಹಿ ಮಾಡಿದ ಘೋಷಣೆಯೊಂದು ತೆರಿಗೆ ಕಡಿದ ಕಚೇರಿಗೆ ಹೋಗಬೇಕು, ತಂಗಿಯ ನಂಬರಿನ ಸಮೇತ.

“ಆಕಿ ನಂಬರ್ ನನ್ನ ಕಾಗದದಾಗ ಯಾಕ?”

“ಕಾಯ್ದೆರಿ ಅಣ್ಣಾರ.”

“ಕಾಯ್ದೆ ಮಾಡಿದಾಂವಗ ತಂಗೇರು ಇರಲಿಲ್ಲ ಕಾಣ್ತದ.” ಕರಡನ್ನು ನಾಲ್ಕು ಮಡಿಕೆ ಮಾಡಿ ನನ್ನ ಟೇಬಲ್ಲಿನ ಮೇಲೆ ಒಗೆದರು. “ನೀವ ಹೋಗಿ ಇಸ್ಕೊಂಡ ಬರ್ರಿ. ನಾ ಆಕಿ ಹೊಸ್ತಿಲಾ ತುಳ್ಯಾಂಗಿಲ್ಲ.”

ಮರುದಿನ ಬಾದಾಮಿಗೆ ಹೋದೆ. ಬಸ್ ನಿಲ್ದಾಣದ ಮಗ್ಗುಲಲ್ಲಿ ತಂಗಿಯದೊಂದು ಖಾನಾವಳಿ. ಒಳಗೆ ಮೂವರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಐವತ್ತೈದು ದಾಟಿದ ತಂಗಿ ಗಲ್ಲಾದ ಹಿಂದೆ ಕೂತು, ಹಂಚಿನ ಮೇಲೊಂದು ಕಣ್ಣು, ಬಾಗಿಲಲ್ಲಿ ತಟ್ಟೆಗೆ ಹೊಂಚು ಹಾಕುತ್ತಿದ್ದ ಮಂಗನ ಮೇಲೊಂದು ಕಣ್ಣು ಇಟ್ಟಿದ್ದರು. ಬರ್ರಿ ಎನ್ನುತ್ತ ನೀರಿನ ಲೋಟ ಮುಂದಿಟ್ಟರು.

“ಯಾರ ಕಡೆಯಿಂದ?”

“ಇಳಕಲ್ಲ ಅಣ್ಣಾರು ಕಳಿಸ್ಯಾರ್ರಿ.”

ಲೋಟವನ್ನು ತೆಗೆದು ಪಕ್ಕದ ಮೇಜಿನ ಗಿರಾಕಿಯ ಮುಂದಿಟ್ಟರು. ನಾನಿನ್ನೂ ಅದಕ್ಕೆ ಕೈ ಹಚ್ಚಿರಲಿಲ್ಲ.

ನಾನು ಹೇಳಬೇಕೆಂದಿದ್ದನ್ನೆಲ್ಲ ನಿಂತೇ ಹೇಳಿದೆ. ಅವರು ರೊಟ್ಟಿ ಎಣಿಸುತ್ತಲೇ ಕೇಳಿದರು. ಆಮೇಲೆ ಅವರ ಸರದಿ.

“ಹದಿನೆಂಟು ವರ್ಷ ಈ ಒಲಿ ಮುಂದ ಕುಂತೇನಿ. ಈಗ ಮಾಲಕ ಜಾಗಾ ಮಾರಾಕ ನಿಂತಾನ. ಲಾಡ್ಜ್ ಕಟ್ಟಾವ್ರು ಮುಂಗಡ ಹಿಡ್ಕೊಂಡು ಅವನ ಮನಿ ಕಟ್ಟಿ ಮ್ಯಾಲ ಕುಂತಾರ. ನಾನ ಕೊಳ್ಳೂದಾದ್ರ ಆಗಸ್ಟ್ ಮೊದಲ ವಾರದ ತನಾ ಟೈಮ್ ಕೊಟ್ಟಾನ. ಬ್ಯಾಂಕಿನಾವ್ರು ಸಾಲ ಕೊಡ್ತೇವಿ, ರಿಟರ್ನ್ ತಗೊಂಬಾ ಅಂದ್ರು. ಕೈಯಾಗಿನ ರೊಕ್ಕ ಎಲ್ಲಿಂದ ಬಂತು ಅಂದ್ರು. ಕೋರ್ಟಿಂದ ಬಂತು, ನಮ್ಮಪ್ಪನ ಹೊಲದ್ದು ಅಂದೆ. ಕಂಪ್ಯೂಟರಿನ್ಯಾಗ ನಿಮ್ಮ ಹೆಸರ ಇಲ್ಲಲ್ರಿ ಅಂದ್ರು. ಅಲ್ರಿ, ನಮ್ಮಪ್ಪಗ ನಾ ಹುಟ್ಟೇ ಇಲ್ಲೇನು?”

“ಅದಕ್ಕ ಬಂದೇನ್ರಿ ಅಕ್ಕಾರ. ನಿಮ್ಮ ಪ್ಯಾನ್ ಕೊಟ್ರ—”

“ಕೊಡಾಂಗಿಲ್ಲ. ನನ್ನ ಹೆಸರಿನ ಮುಂದ ಅವನ ನಂಬರ್ ಬರದಾವ್ರು ಯಾರು? ಆ ಕಾಗದ ತಂದು ತೋರಸ್ರಿ ಮೊದಲ. ಅದನ್ನ ಬರದಾಂವ ಅಣ್ಣ ಆಗಿದ್ರ ನಾ ನಂಬರ್ ಕೊಡೂದಿಲ್ಲ, ಇನ್ನೊಂದು ಕೇಸ್ ಕೊಡ್ತೇನಿ. ಖಾನಾವಳಿ ಹೋದ್ರ ಹೋಗ್ಲಿ.”

ಒಳಗಿನಿಂದ ರೊಟ್ಟಿ ಬಡಿಯುವ ಹೆಂಗಸೊಬ್ಬಳು, “ಹೋದ್ರ ಹೋಗ್ಲಿ ಅಂತೀ, ನಾವೆಲ್ಲಿ ಹೋಗೂಣ?” ಎಂದಳು.

“ನೀ ಹಂಚ ನೋಡು, ಸೀಯಾಕತ್ತೇತಿ.”

ಆ ಕಾಗದ ಇರುವುದು ಹುನಗುಂದದಲ್ಲಿ, ಹೊಲದ ಪರಿಹಾರದ ದಾವೆ ನಡೆಸಿದ ವಕೀಲರ ಕಚೇರಿಯಲ್ಲಿ. ಹಣ ಬಿಡುಗಡೆಗೆ ಮುಂಚೆ ಪ್ರತಿಯೊಬ್ಬ ಹಕ್ಕುದಾರರ ಬ್ಯಾಂಕ್ ಖಾತೆ, ಪ್ಯಾನ್ ಇತ್ಯಾದಿ ಬರೆದು ಕೊಡುವ ನಮೂನೆ ಅದು. ನನಗೆ ಆ ಕಚೇರಿ ಹೊಸದಲ್ಲ. ಬಾಗಲಕೋಟೆಗೆ ಬರುವ ಮುಂಚೆ ಅಲ್ಲಿಯೇ ಕೆಲವು ವರ್ಷ ಕಾಗದಪತ್ರ ತಯಾರು ಮಾಡುತ್ತ ಕೂತವನು. ಹಾಗಾಗಿಯೇ ಅಣ್ಣನಿಗೆ ನನ್ನ ಪರಿಚಯ, ತಂಗಿಗೆ ಮಾತ್ರ ನನ್ನ ಮುಖ ನೆನಪಿರಲಿಲ್ಲ.

ವಕೀಲರು ಕೋರ್ಟಿಗೆ ಹೋಗಿದ್ದರು. ನನ್ನ ಜೊತೆ ದುಡಿದ ಹಳೆಯ ಗುಮಾಸ್ತ ಇದ್ದ.

“ಬಾರಲೇ ಇನ್‌ಕಮ್ ಟ್ಯಾಕ್ಸ್! ಯಾರ ಮನಿ ಮುಳುಗಿಸಾಕ ಬಂದಿ?”

ಕಟ್ಟು ಇಳಿಸಿ ಕೊಟ್ಟ. ಧೂಳು ಕೊಡವಿ, ಕೆಂಪು ದಾರ ಬಿಚ್ಚಿ, ಒಂದೊಂದೇ ಹಾಳೆ ತಿರುವಿದೆ. ತೀರ್ಪಿನ ನಕಲು, ವಂಶಾವಳಿ, ಪಾಸ್‌ಬುಕ್ಕಿನ ಮೊದಲ ಪುಟಗಳು. ನಮೂನೆ ಸಿಕ್ಕಿತು. ಎರಡು ಸಾಲು. ಮೊದಲ ಸಾಲಿನಲ್ಲಿ ಅಣ್ಣನ ಹೆಸರು, ಅವರ ಖಾತೆ, ಅವರ ಪ್ಯಾನ್. ಎರಡನೆಯ ಸಾಲಿನಲ್ಲಿ ತಂಗಿಯ ಹೆಸರು, ತಂಗಿಯ ಖಾತೆ, ಮತ್ತೆ ಅಣ್ಣನ ಪ್ಯಾನ್. ನೀಲಿ ಮಸಿ. ಪ್ಯಾನಿನಲ್ಲಿದ್ದ ಏಳರ ಅಂಕಿಯ ನಡುವಿಗೆ ಒಂದು ಅಡ್ಡಗೆರೆ.

ಏಳಕ್ಕೆ ಹಾಗೆ ಅಡ್ಡಗೆರೆ ಎಳೆಯುವವನು ಆ ಕಚೇರಿಯಲ್ಲಿ ಒಬ್ಬನೇ ಇದ್ದ. ಏಳು ಒಂದರಂತೆ ಕಂಡು ಅನಾಹುತವಾದೀತು ಎಂಬ ಭಯಕ್ಕೆ ಕಾಲೇಜು ದಿನಗಳಿಂದ ಎಳೆಯುತ್ತ ಬಂದವನು.

ಗುಮಾಸ್ತ ಭುಜದ ಮೇಲಿಂದ ಬಗ್ಗಿ ನೋಡಿದ. “ಅಲಾ ಇವನ! ನಿಂದ ಐತಲ್ಲಲೇ ಕೈ!” ಎಂದು ನಗತೊಡಗಿದ. ನಕ್ಕು ನಕ್ಕು ಕೆಮ್ಮು ಹತ್ತಿತು.

ಆಗ ಎಲ್ಲ ನೆನಪಿಗೆ ಬಂತು. ನಮೂನೆ ಕೊಡುವ ಕೊನೆಯ ದಿನ. ಅಣ್ಣ ಬೆಂಚಿನ ಈ ತುದಿಗೆ, ತಂಗಿ ಆ ತುದಿಗೆ, ನಡುವೆ ಮೂವರು ಕೂರುವಷ್ಟು ಜಾಗ ಖಾಲಿ. ತಂಗಿ ಪ್ಯಾನಿಗೆ ಅರ್ಜಿ ಹಾಕಿದ್ದರು, ಕಾರ್ಡು ಬಂದಿರಲಿಲ್ಲ. ಪ್ಯಾನ್ ಇದ್ದರೆ ಬಡ್ಡಿಯಲ್ಲಿ ನೂರಕ್ಕೆ ಹತ್ತು ಕಡಿಯುತ್ತಾರೆ, ಇಲ್ಲದಿದ್ದರೆ ಇಪ್ಪತ್ತು. ಹೆಣ್ಣುಮಗಳಿಗೆ ಸುಮ್ಮನೆ ಇಮ್ಮಡಿ ಕಡಿತ ಯಾಕೆ ಎಂದು ಸದ್ಯಕ್ಕೆ ಅಣ್ಣನ ನಂಬರು ಹಾಕಿದ್ದೆ. ಒಂದೇ ಮನೆಯವರಲ್ಲವೇ, ಕಾರ್ಡು ಬಂದ ಮೇಲೆ ತಿದ್ದಿದರಾಯಿತು ಎಂದು. ನಮ್ಮ ಕಡೆ ರೇಶನ್ ಕಾರ್ಡು, ಕರೆಂಟು ಬಿಲ್ಲು, ಗ್ಯಾಸು ಎಲ್ಲ ಮನೆಯ ಹಿರಿಯರ ಹೆಸರಿನಲ್ಲೇ ಇರುವುದನ್ನು ನೋಡಿ ಬೆಳೆದ ಕೈ ಅದು, ತಡೆಯದೆ ಬರೆದುಬಿಟ್ಟಿತು. ನಾನು ಪೆನ್ಸಿಲಿನಿಂದ ಗುರುತು ಹಾಕಿದಲ್ಲೆಲ್ಲ ಇಬ್ಬರೂ ಸಹಿ ಮಾಡಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಇನ್ನು ಒಬ್ಬರ ಸಾಲನ್ನು ಇನ್ನೊಬ್ಬರು ಓದುವ ಮಾತೆಲ್ಲಿ. ಆಮೇಲೆ ನಾನು ಆ ಕೆಲಸ ಬಿಟ್ಟೆ. ತಿದ್ದುವುದನ್ನೂ ಬಿಟ್ಟೆ.

ಮುಂದಾಗಬಹುದಾದ ತಪ್ಪುಗಳಿಗೆ ಎರಡು ಮಗ್ಗುಲು ಹಾಳೆ ತುಂಬಿಸಿದ್ದೆ. ಮೂರು ವರ್ಷದ ಹಿಂದೆಯೇ ಆಗಿ ಮುಗಿದಿದ್ದ ತಪ್ಪಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

“ಫೈಲ್ ಸಿಗಲಿಲ್ಲ ಅಂತ ಹೇಳು,” ಎಂದ ಗುಮಾಸ್ತ, ಕೆಮ್ಮು ನಿಂತ ಮೇಲೆ. “ಮಳಿಗೆ ತೊಯ್ದು ಹೋಗೇತಿ ಅಂತೇನಿ ನಾ. ಅಣ್ಣನ ಹೆಸರ ಮ್ಯಾಲ ಎಲ್ಲಾ ತುಂಬಿ ಕೈ ತೊಳಕೋ. ಅವರು ಹೆಂಗೂ ಬಡದಾಡಾವ್ರ, ಇದೊಂದಕ್ಕ ಬಡದಾಡ್ಲಿ. ನಿನಗೇನು?”

ಅವನು ಹೇಳಿದ್ದು ನಡೆಯುವ ಮಾತೇ. ಅಣ್ಣ ಹೆಚ್ಚುವರಿ ತೆರಿಗೆ ಕಟ್ಟಿ ತಂಗಿಯನ್ನು ಇನ್ನಷ್ಟು ಬೈಯುತ್ತಿದ್ದರು. ತಂಗಿಯ ಖಾನಾವಳಿಯ ಜಾಗದಲ್ಲಿ ಲಾಡ್ಜು ಏಳುತ್ತಿತ್ತು. ನನ್ನ ಹೆಸರು ಎಲ್ಲಿಯೂ ಬರುತ್ತಿರಲಿಲ್ಲ. ನಾನು ಕಟ್ಟಿಗೆ ದಾರ ಸುತ್ತಿದೆ, ಅರ್ಧ ಗಂಟನ್ನೂ ಹಾಕಿದೆ. ಆಮೇಲೆ ಬಿಚ್ಚಿ, ಎದುರಿನ ಅಂಗಡಿಗೆ ಹೋಗಿ ಎರಡು ಝೆರಾಕ್ಸ್ ಮಾಡಿಸಿದೆ. ಧೈರ್ಯವೆಂದು ಯಾರೂ ತಿಳಿಯುವುದು ಬೇಡ. ತಂಗಿ ಕೇಸು ಕೊಟ್ಟರೆ ಈ ಹಾಳೆ ಕೋರ್ಟಿನಲ್ಲಿ ಹೇಗೂ ಹೊರಬರುತ್ತದೆ, ಅಲ್ಲಿಯವರೆಗೆ ದಿನಾ ರಾತ್ರಿ ನಾನೇ ಅದನ್ನು ತಿರುವಿ ನೋಡುತ್ತಿರಬೇಕಾಗುತ್ತದೆ ಎಂಬ ಲೆಕ್ಕವೂ ಅದರಲ್ಲಿತ್ತು. ಮೂರು ವರ್ಷ ಮರೆತಿದ್ದವನಿಗೆ ಇನ್ನು ಮರೆಯುವ ಅನುಕೂಲ ಇರಲಿಲ್ಲ.

ಹುನಗುಂದದಿಂದ ಇಳಕಲ್ಲು ದೂರವಲ್ಲ. ಮಾತು ಜೋಡಿಸಿಕೊಳ್ಳಲು ಆ ಬಸ್ಸಿನ ಹಾದಿ ಸಾಲಲಿಲ್ಲ. ಅಣ್ಣನ ಮನೆಯ ಪಡಸಾಲೆಯಲ್ಲಿ ಅವರ ಹೆಂಡತಿ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು. ಅಣ್ಣ ಝೆರಾಕ್ಸನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ನನ್ನ ಅಕ್ಷರ ಅಲ್ಲ.”

“ಹೌದ್ರಿ.”

“ಆಕೀದೂ ಅಲ್ಲ. ಆಕಿ ಇಷ್ಟು ದುಂಡಗ ಬರ್ಯಾಂಗಿಲ್ಲ. ಯಾರದು?”

“ನಂದ್ರಿ.”

ಮಗ್ಗ ನಿಂತಿತು. ಯಾಕೆ ಬರೆದೆ, ಹೇಗೆ ಬರೆದೆ ಎಂದು ಹೇಳತೊಡಗಿದೆ. ಹತ್ತು, ಇಪ್ಪತ್ತು, ಕಾರ್ಡು, ಕೊನೆಯ ದಿನ. ಅವರು ಕೊನೆಯವರೆಗೆ ಕೇಳಲಿಲ್ಲ.

“ಲೇ! ಒಂದು ವರ್ಷದಿಂದ ಬಜಾರದಾಗ, ಬೀಗರ ಮುಂದ, ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂತು ಆಕೀಗೆ ಕಳ್ಳಿ ಅಂದೇನಿ. ನೋಡ್ರಿ ನನ್ನ ನಂಬರಿಗೆ ಹಚ್ಚಿ ಓಡಿಹೋಗ್ಯಾಳ ಅಂತ ತೆರಿಗಿ ಕಡದ ಕಾಗದ ಹಿಡದು ತೋರಸೇನಿ. ಆ ಕಾಗದ ನಿಂದೇನು? ನಿನ್ನ ಸಲುವಾಗಿ ಬೈದಿದ್ನೇನು ನಾ?”

ಹೆಂಡತಿ ಮಗ್ಗದಿಂದಲೇ, “ಹೆಣ್ಣಮಗಳು ಹಂಗ ಮಾಡಾಂಗಿಲ್ಲ ಅಂತ ನಾ ಹೇಳಿರಲಿಲ್ಲೇನು?” ಎಂದರು.

“ನೀ ಸುಮ್ನಿರು. ಪಾಲು ಕೇಳಿದ್ದಂತೂ ಖರೆ ಐತಲ್ಲ?”

“ಪಾಲು ಕೇಳೂದಕ್ಕ ಕಳ್ಳಿ ಅಂತಾರೇನು?”

ಅಣ್ಣ ಹೆಂಡತಿಗೆ ಕೊಡಬೇಕಾದದ್ದನ್ನೆಲ್ಲ ನನಗೇ ಕೊಟ್ಟರು. ಮೂವತ್ತು ವರ್ಷ ಬಸ್ ಓಡಿಸಿದವರ ಬೈಗುಳದಲ್ಲಿ ಎಷ್ಟೆಷ್ಟು ಊರುಗಳ ಸರಕು ಇರುತ್ತದೆ ಎಂದು ಅಂದು ತಿಳಿಯಿತು. ನಾನು ‘ಅರ್ಧ ಬಡ್ಡಿ ನನ್ನದಲ್ಲ’ ಎಂಬ 37ಬಿಎ ನಿಯಮದ ಆ ಘೋಷಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದೆ. ಸುಮಾರು ಹೊತ್ತಿನ ಮೇಲೆ ಅವರೇ ಕೈ ಚಾಚಿ ಇಸಿದುಕೊಂಡರು. ಈ ಸಲ ಎರಡೆರಡು ಬಾರಿ ಓದಿ, ನನ್ನ ಪೆನ್ಸಿಲ್ ಗುರುತನ್ನು ಬೆರಳಿನಿಂದ ಉಜ್ಜಿ ಅಳಿಸಿ, ಅದರ ಪಕ್ಕದಲ್ಲಿ ಸಹಿ ಮಾಡಿದರು.

“ಆಕಿ ನಂಬರಿನ ಜಾಗಾ ಖಾಲಿ ಐತಿ. ಇದನ್ನ ಆಕಿ ಮುಂದ ನಿಂತು ನಿನ್ನ ಬಾಯಿಲೆ ಹೇಳಬೇಕು. ಫೋನಿನಾಗ ಅಲ್ಲ. ಹೇಳಿದಿ ಅಂತ ನನಗ ಗೊತ್ತಾಗಬೇಕು. ಇಲ್ಲಂದ್ರ ಈ ಸಹಿ ನಂದಲ್ಲ ಅಂತೇನಿ.”

ಬಾದಾಮಿಯ ಖಾನಾವಳಿಗೆ ಮರುದಿನ ಹೋದಾಗ ಊಟದ ಹೊತ್ತು. ಹೋಗಬಾರದ ಹೊತ್ತು ಎಂದು ಗೊತ್ತಿತ್ತು. ಆದರೆ ಜುಲೈ ಮುಗಿಯಲು ದಿನಗಳು ಉಳಿದಿರಲಿಲ್ಲ. ಗಲ್ಲಾದ ಮುಂದೆ ನಿಂತು, ಝೆರಾಕ್ಸನ್ನು ಚಿಲ್ಲರೆಯ ಮೇಲಿಟ್ಟು, ಮೆಲ್ಲಗೆ ಹೇಳತೊಡಗಿದೆ.

“ಜೋರಾಗಿ ಹೇಳ್ರಿ,” ಎಂದರು ತಂಗಿ. “ಒಳಗಿನ ಹೆಣ್ಣಮಕ್ಕಳಿಗೆ ಕೇಳಸವಲ್ದು.”

ಜೋರಾಗಿ ಹೇಳಿದೆ. ರೊಟ್ಟಿ ಬಡಿಯುವುದು ನಿಂತಿತು. ಉಣ್ಣುತ್ತಿದ್ದ ಕಂಡಕ್ಟರೊಬ್ಬರು ಕೈಯಲ್ಲಿ ತುತ್ತು ಹಿಡಿದೇ, “ಹಂಗಾರ ನಂಬರ್ ಹಾಕಿದಾಂವ ನೀವ ಏನ್ರಿ? ಇಳಕಲ್ ಕಟ್ಟಿ ಮ್ಯಾಲ ಅಣ್ಣಾವ್ರು ಬ್ಯಾರೆ ಹೇಳ್ತಿದ್ರಲ್ಲ,” ಎಂದರು.

“ಹೇಳ್ತಾನ್ರಿ, ಅಂವಗ ಬಾಯಿ ಐತಿ,” ಎಂದರು ತಂಗಿ. ಆಮೇಲೆ ನನ್ನ ಕಡೆ ತಿರುಗಿದರು. “ಬ್ಯಾಂಕಿನ ಮೆಟ್ಟಲಾ ನಾಕ ಸಲ ಹತ್ತಿ ಇಳದೇನಿ. ಪ್ರತಿ ಸಲ ಇಳಿಯೂವಾಗ ಅಣ್ಣಗ ಶಾಪ ಹಾಕೇನಿ. ಆ ಶಾಪೆಲ್ಲಾ ಈಗ ಎಲ್ಲಿ ಇಡ್ಲಿ? ನಿಮ್ಮ ಚೀಲದಾಗ ಜಾಗಾ ಐತೇನು?”

ಚೀಲ ಎತ್ತಿಕೊಂಡು ಮೂಲೆಯ ಬೆಂಚಿಗೆ ಹೋಗಿ ಕೂತೆ. ಮೂರು ಗಂಟೆಗೆ ಗಿರಾಕಿಗಳು ತೆರವಾದ ಮೇಲೆ ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿಗೆ ಸುರಿದರು. ಪ್ಯಾನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ತೀರ್ಪಿನ ನಕಲು, ವರ್ಷದ ವ್ಯಾಪಾರ ಬರೆದ ಮೂರು ನೋಟುಬುಕ್ಕು. ಕ್ಷಮಿಸಿದರು ಎಂದಲ್ಲ. ಮಾಲಕನ ಗಡುವು ಹತ್ತಿರವಿತ್ತು.

ಫಾರಂ ಆರಿಸುವಲ್ಲಿ ಮತ್ತೆ ಜಗಳ. ಯಾರೋ ಅವರಿಗೆ ನಾಲ್ಕನೆಯ ನಮೂನೆ ಸಾಕು ಎಂದಿದ್ದರು. ಅದರ ಹೆಸರು ‘ಸುಗಮ್’. ಚಿಕ್ಕ ವ್ಯಾಪಾರದವರು ಪುಸ್ತಕ ಇಡದೆ, ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸಿ ಮುಗಿಸುವ ನಮೂನೆ. ಖಾನಾವಳಿಯೊಂದೇ ಇದ್ದಿದ್ದರೆ ನಾನೂ ಅದನ್ನೇ ಹಿಡಿಯುತ್ತಿದ್ದೆ. ಆದರೆ ಹೊಲದ ಬಡ್ಡಿ ಇತ್ತು, ಅದರ ಅರ್ಧದ ವಿನಾಯಿತಿ ಇತ್ತು. ಅದಕ್ಕೆ ಸುಗಮದಲ್ಲೂ ಜಾಗವಿಲ್ಲ. ಮೂರನೆಯ ನಮೂನೆ ತುಂಬಲೇಬೇಕು. ಅದು ಎಲ್ಲಕ್ಕಿಂತ ಉದ್ದ, ತೆರೆದರೆ ಮುಗಿಯುವುದೇ ಇಲ್ಲ.

“ಉದ್ದಂದು ಹಿಡದ್ರ ನಿಮಗ ಫೀ ಜಾಸ್ತಿ ಬರ್ತದೇನು?”

“ಫೀ ತಗೊಳ್ಳೂದಿಲ್ರಿ ಅಕ್ಕಾರ.”

“ತಗೊಂಡು ನೋಡ್ರಿ.”

ಫೋನಿನಲ್ಲಿ ಬಂದ ಹಣ ಬೇರೆ, ನಗದು ಬೇರೆ ಕೂಡಿಸಬೇಕಿತ್ತು, ಎರಡಕ್ಕೂ ಅಂದಾಜು ಲಾಭದ ದರ ಬೇರೆ ಬೇರೆ. ಆಮೇಲೆ ವರ್ಷದ ಕೊನೆಯ ದಿನ ಕೈಯಲ್ಲಿದ್ದ ನಗದು, ಉದ್ರಿ, ದಾಸ್ತಾನು.

“ಮಾರ್ಚ್ ಮೂವತ್ತೊಂದಕ್ಕ ಜ್ವಾಳ ಎಷ್ಟಿತ್ರಿ?”

“ಮಾರ್ಚ್ ಮೂವತ್ತೊಂದಕ್ಕ ನೀವು ಏನ ಉಂಡಿದ್ರಿ ಹೇಳ್ರಿ, ನಾ ಜ್ವಾಳ ಹೇಳ್ತೇನಿ.”

ಕೊನೆಗೆ ರೊಟ್ಟಿ ಬಡಿಯುವ ಹೆಂಗಸರೇ ಲೆಕ್ಕ ಹಾಕಿ ಹೇಳಿದರು. ಯುಗಾದಿಯ ಆಸುಪಾಸು ಎಷ್ಟು ಚೀಲ ಬೀಸಿಸಿದ್ದು, ಯಾವ ವಾರ ಗಿರಣಿ ಕೆಟ್ಟಿದ್ದು, ಎಲ್ಲ ಅವರಿಗೆ ನೆನಪಿತ್ತು. ನೋಟುಬುಕ್ಕಿನ ಜೊತೆ ತಾಳೆ ನೋಡಿದೆ. ತಾಳೆಯಾಯಿತು.

ಬಾಗಲಕೋಟೆಗೆ ಬಂದು ಘೋಷಣೆಯಲ್ಲಿ ತಂಗಿಯ ನಂಬರನ್ನು ಕಾರ್ಡು ನೋಡಿ ನೋಡಿ ನಾಲ್ಕು ಸಲ ಪರೀಕ್ಷಿಸಿ ಬರೆದೆ. ತೆರಿಗೆ ಕಡಿದ ಕಚೇರಿಗೆ ಕೊಟ್ಟು, ನನ್ನ ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೊಂಡೆ. ಮರುದಿನ ಬೆಳಿಗ್ಗೆ, ಕಂಡಕ್ಟರ ಬಾಯಿಂದ ಖಾನಾವಳಿಯ ಸುದ್ದಿ ಮುಟ್ಟಿ, ಅಣ್ಣ ಇಳಕಲ್ಲಿನಿಂದ ಬಂದರು. ನನ್ನ ಮೇಲೆ ನಂಬಿಕೆ ಉಳಿದಿರಲಿಲ್ಲವಾದ್ದರಿಂದ ಎದುರಿಗೇ ಕೂತು ತುಂಬಿಸುವುದು ಅವರ ಶರತ್ತು. ಈ ಸಲ ಕುರ್ಚಿಯಲ್ಲಿ ಕೂತರು, ಪರದೆ ತಮಗೂ ಕಾಣುವಂತೆ ತಿರುಗಿಸಿ.

ಅವರ ರಿಟರ್ನು ಒಂದು ಗಂಟೆಯಲ್ಲಿ ಮುಗಿಯಿತು. ತಂಗಿಯ ಪ್ಯಾನನ್ನು ಅವರ ಫಾರಮಿನ ಅಂಕಣಕ್ಕೆ ಹಾಕುವಾಗ ಒಂದೊಂದೇ ಅಕ್ಷರ ಜೋರಾಗಿ ಓದಿದೆ. ಅವರು ಬಾಗಿಲ ಕಡೆ ನೋಡುತ್ತ ಹೂಂ ಅಂದರು. ಆಮೇಲೆ ತಂಗಿಯ ಫಾರಂ ತೆರೆದೆ. ಬಡ್ಡಿಯ ಅರ್ಧ, ಅದರಲ್ಲಿ ವಿನಾಯಿತಿ, ಕಡಿತದ ಅರ್ಧ, ಅಣ್ಣನ ಪ್ಯಾನ್. ವಹಿವಾಟು, ನಗದು, ಜೋಳ. ಎಲ್ಲ ಕೂತಿತು. ವ್ಯಾಪಾರದ ಹೆಸರು ಎಂಬ ಚೌಕ ಮಾತ್ರ ಕೆಂಪಾಗಿ ನಿಂತಿತ್ತು. ಅದನ್ನು ತುಂಬದೆ ಪುಟ ಮುಂದಕ್ಕೆ ಹೋಗುವಂತಿರಲಿಲ್ಲ.

ಖಾನಾವಳಿಯ ಬೋರ್ಡಿನಲ್ಲಿ ‘ಊಟ ತಯಾರಿದೆ’ ಎಂದಷ್ಟೇ ಇದ್ದದ್ದು ನೆನಪಿತ್ತು. ತಂಗಿಗೆ ಫೋನು ಮಾಡಿದೆ. ಮಧ್ಯಾಹ್ನ ಒಂದು ಗಂಟೆ.

“ಊಟದ ಹೊತ್ತಿನ್ಯಾಗ ಫೋನ್ ಮಾಡಬ್ಯಾಡ್ರಿ ಅಂದಿಲ್ಲೇನು?” ಕಟ್ ಆಯಿತು.

“ಏನು ಕೇಳ್ತದ?” ಎಂದರು ಅಣ್ಣ.

“ಖಾನಾವಳಿ ಹೆಸರ್ರಿ.”

“ಅದಕ್ಕೇನು ಹೆಸರು? ನಮ್ಮ ಡಿಪೋದಾವ್ರೆಲ್ಲಾ ಡ್ರೈವರ್ ತಂಗಿ ಖಾನಾವಳಿ ಅಂತಾರ. ನಾನ ಮೊದಲ ಗಿರಾಕಿ ಕರ್ಕೊಂಡು ಹೋಗಿದ್ದೆ ಅಲ್ಲಿಗೆ, ಬಸ್ ನಿಲ್ಲಿಸಿ.” ಕೆಂಪು ಚೌಕದ ಮೇಲೆ ಬೆರಳಿಟ್ಟರು. “ಅದನ್ನ ಹಾಕ್ರಿ ಸದ್ಯಕ್ಕ. ಆಮ್ಯಾಲ ಆಕೀನ್ನ ಕೇಳಿ ತಿದ್ರಿ.”

ಹಾಕಿದೆ. ಕೆಂಪು ಹೋಯಿತು. ಮೂರು ಗಂಟೆಗೆ ತಂಗಿ ತಾವಾಗಿಯೇ ಫೋನು ಮಾಡಿ ಓಟಿಪಿಯ ಆರು ಅಂಕಿ ಓದಿದರು. ಸ್ಪೀಕರಿನಲ್ಲಿತ್ತು. ಕೊನೆಯ ಅಂಕಿ ಹಾಕಿದ ಕೂಡಲೇ ಪರಿಶೀಲನೆ ಯಶಸ್ವಿ ಎಂದು ಹಸಿರು ಗುರುತು ಬಂತು.

“ಆತೇನ್ರಿ?”

“ಆತ್ರಿ ಅಕ್ಕಾರ.”

“ಇನ್ನ್ಯಾರೋ ಉಸಿರು ಬಿಡಾಕತ್ತಾರಲ್ಲ. ಯಾರದಾರ?”

ಅಣ್ಣ ಎದ್ದು ಹೊರಗೆ ಹೋಗಿ ನಿಂತರು. ಯಾರೂ ಇಲ್ಲ ಎಂದೆ. ಅಣ್ಣನಿಗೆ ಬಸ್ಸಿನ ಹೊತ್ತಾಗಿತ್ತು. ನಾನು ನನ್ನ ತಪ್ಪುಗಳ ಹಾಳೆ ತೆಗೆದು, ನಡೆಯದೆ ಹೋದ ಒಂದೊಂದೇ ಸಾಲನ್ನು ಹೊಡೆದುಹಾಕುತ್ತ ಹೋದೆ. ಆ ಸಂತೋಷದಲ್ಲಿ ಕೇಳಿ ತಿದ್ದಬೇಕಾದದ್ದನ್ನು ಕೇಳಲಿಲ್ಲ, ತಿದ್ದಲಿಲ್ಲ.

ತಂಗಿ ಸ್ವೀಕೃತಿ ಪತ್ರವನ್ನೂ ರಿಟರ್ನನ್ನೂ ಬ್ಯಾಂಕಿಗೆ ಕೊಟ್ಟರು. ಸಾಲ ಮಂಜೂರಾಯಿತು. ಲಾಡ್ಜಿನವರು ಮುಂಗಡ ಎತ್ತಿಕೊಂಡು ಕಟ್ಟಿಯಿಂದ ಎದ್ದರು. ಕೆಲವು ವಾರಗಳ ಮೇಲೆ ಇಬ್ಬರ ರಿಫಂಡೂ ಅವರವರ ಖಾತೆಗೇ ಬಂತು. ಆದರೆ ಸಾಲ ಮಂಜೂರಾಗುವ ಮೊದಲು, ಆಗಸ್ಟ್ ಮೊದಲ ವಾರದಲ್ಲಿ, ಮಾಲಕನ ಗಡುವಿಗೆ ಮೂರು ದಿನ ಇರುವಾಗ ಬಾದಾಮಿಯಿಂದ ಫೋನು ಬಂತು.

“ಬ್ಯಾಂಕಿನ ಸಾಹೇಬ್ರು ಜಾಗಾ ನೋಡಾಕ ಬಂದಾರ. ಬೋರ್ಡಿನ ಫೋಟೋ ಬೇಕಂತ. ರಿಟರ್ನಿನ್ಯಾಗಿನ ಹೆಸರ, ಬೋರ್ಡಿನ ಹೆಸರ ಒಂದ ಇರಬೇಕಂತ. ರಿಟರ್ನಿನ್ಯಾಗ ಏನ ಬರದೀರಿ ನೀವು?”

ಹೇಳಿದೆ. ಆ ಕಡೆ ಸೌಟೊಂದು ಹಂಚಿನ ಮೇಲೆ ಠಣ್ಣೆಂದಿತು.

“ಕೋರ್ಟಿಗೆ ಹೋಗಿ ಪಾಲು ತಗೊಂಡು, ನನ್ನ ರೊಕ್ಕಾ ಕೊಟ್ಟು ಜಾಗಾ ತಗೊಂಡು, ಬಾಗಲಾ ಮ್ಯಾಲ ಅವನ ಹೆಸರ ಬರಸ್ಬೇಕೇನು ನಾ?”

ತಿದ್ದುಪಡಿ ರಿಟರ್ನ್ ಹಾಕಬಹುದು ಎಂದೆ. ಹಾಕಿದರೆ ಬ್ಯಾಂಕಿನ ಫೈಲು ಮೊದಲಿನಿಂದ ಶುರುವಾಗುತ್ತದೆ, ಮಾಲಕ ಕಾಯುವುದಿಲ್ಲ ಎಂದೂ ನಾನೇ ಹೇಳಬೇಕಾಯಿತು.

“ಪೇಂಟರಗ ಹೇಳ್ತೇನಿ. ರೊಕ್ಕ ನೀವ ಕೊಡ್ರಿ.”

ಕೂಡಲೇ ಕಳಿಸಿದೆ. ಸಂಜೆ ಮತ್ತೆ ಫೋನು ಮಾಡಿ, ಡ್ರೈವರ್ ಎಂಬುದನ್ನು ಯಾರ ಕಣ್ಣಿಗೂ ಬೀಳದಷ್ಟು ಸಣ್ಣದಾಗಿ, ತಂಗಿ ಖಾನಾವಳಿ ಎಂಬುದನ್ನು ಬಸ್ಸಿನಿಂದಲೂ ಕಾಣುವಷ್ಟು ದೊಡ್ಡದಾಗಿ ಬರೆಯಲು ಹೇಳಿದ್ದೇನೆ ಎಂದರು. ಮರುದಿನ ಬೋರ್ಡಿನ ಫೋಟೋ ಬಂತು. ಹಳದಿ ಬಣ್ಣದ ಮೇಲೆ ಕೆಂಪಕ್ಷರ, ಮೂರೂ ಪದ ಒಂದೇ ಅಳತೆ. ಅದರ ಹಿಂದೆಯೇ ತಂಗಿಯ ದನಿಯ ತುಣುಕು:

“ನೋಡಿದ್ರೇನ್ರಿ? ಸಣ್ಣ ಬ್ರಶ್ ತರೂದು ಮರತೇನಿ ಅಂತಾನ. ಅಂವಾನೂ ನಿಮ್ಮಂಗ.”